ಎಲ್ಲರ ಕಂಪ್ಯೂಟರಿನಲ್ಲೂ ನನ್ನದೊಂದು ಮನೆ

ಅಧ್ಯಕ್ಷತೆ ವಹಿಸಿ, ನನ್ನ ಮಾತು ಹತ್ತು ನಿಮಿಷದಲ್ಲಿ ಮುಗಿಯುತ್ತದೆಂದು ನಂಬಿ ಕುಳಿತಿರುವ ನಮ್ಮ ಗ್ರಾಮದ ಮುಖ್ಯಸ್ಥರೇ, ಸೋಲೊ ಪಟ್ಟಣದಿಂದ ಬೆಳಗಿನ ರೈಲು ಹಿಡಿದು ಬಂದಿರುವ, ನಮ್ಮ ಜಾವಾದ ಕಂಚಿನ ವಾದ್ಯ ಗಾಮೆಲಾನ್ ನುಡಿಸುವ ಮೇಳದವರೇ, ಕುಲುಮೆಯ ಕೆಲಸ ಬದಿಗಿಟ್ಟು ಬಂದಿರುವ ಕಂಚುಗಾರರೇ, ನಮ್ಮ ಮುಕ್ತ ತಂತ್ರಾಂಶ ಬಳಗದ ಗೆಳೆಯರೇ, ಮೊದಲ ಸಾಲಿನಲ್ಲಿ ಕುಳಿತು ‘ಉದ್ದ ಎಳೆಯಬೇಡಿ’ ಎಂದು ಮುಖದಲ್ಲೇ ಹೇಳುತ್ತಿರುವ ನನ್ನ ಹೆಂಡತಿ ಲಾಸ್ತ್ರಿಯವರೇ, ಮತ್ತು ಸಭಿಕರೇ. ಲಾಸ್ತ್ರಿಯವರ ಮುಖ ನನಗೆ ಇಲ್ಲಿಂದ ಕಾಣುವುದಿಲ್ಲ. ಆದರೂ ಮೂವತ್ತೆಂಟು ವರ್ಷದ ಸಂಸಾರದ ಮೇಲೆ ಭರವಸೆಯಿಟ್ಟು ಈ ಮಾತು ಹೇಳುತ್ತಿದ್ದೇನೆ.

ನಮ್ಮ ಬಳಗಕ್ಕೆ ಇಂದು ಹನ್ನೆರಡು ವರ್ಷ ತುಂಬಿತು, ನನಗೆ ಬೀಳ್ಕೊಡುಗೆ. ಇಂಥ ದಿನ ಮಾತನಾಡುವವನು ತನ್ನ ಸಾಧನೆಗಳನ್ನು ಹೇಳಿಕೊಳ್ಳಬೇಕಂತೆ. ಕಾರ್ಯದರ್ಶಿ ಬಾಗ್ಯೊ ಅವನ್ನೆಲ್ಲ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿ ಕೊಟ್ಟಿದ್ದಾನೆ. ಬಂತುಲ್‌ನ ಪ್ರೌಢಶಾಲೆಯಲ್ಲಿ ಮೂವತ್ತೊಂದು ವರ್ಷ ಭೌತಶಾಸ್ತ್ರ ಕಲಿಸಿದ್ದು, ಗಾಮೆಲಾನ್ ಶ್ರುತಿ ಅಳೆಯುವ ತಂತ್ರಾಂಶ ಬರೆದದ್ದು, ಇನ್ನೂರ ನಲವತ್ತು ಮೇಳಗಳ ಶ್ರುತಿ ದಾಖಲಿಸಿದ್ದು, ಎಲ್ಲವೂ ಇದರಲ್ಲಿದೆ. ಒಂದು ಮಾತ್ರ ಇಲ್ಲ. ಬಾಗ್ಯೊ ಅದನ್ನು ಬರೆಯುವವನಲ್ಲ. ಹಾಗಾಗಿ ನಾನೇ ಹೇಳುತ್ತೇನೆ.

ಗಾಮೆಲಾನಿನ ಪ್ರತಿ ಮೇಳಕ್ಕೂ ಅದರದೇ ಶ್ರುತಿ ಎಂಬುದು ಇಲ್ಲಿ ಯಾರಿಗೆ ಗೊತ್ತಿಲ್ಲ? ಒಂದು ಮೇಳದ ಕಂಚಿನ ಪಟ್ಟಿಯನ್ನು ಇನ್ನೊಂದಕ್ಕೆ ಹಾಕಿದರೆ ಗಂಡನ ಮನೆಯಲ್ಲಿ ಹೊಸ ಸೊಸೆ ಬಾಯಿ ಬಿಟ್ಟ ಹಾಗೆ, ಎಲ್ಲರೂ ತಿರುಗಿ ನೋಡುತ್ತಾರೆ. ಪಟ್ಟಿ ಬಿರುಕುಬಿಟ್ಟರೆ ಹೊಸದನ್ನು ಹಳೆಯ ಶ್ರುತಿಗೇ ಬಡಿಯಬೇಕು. ಆ ಹಳೆಯ ಶ್ರುತಿ ಹೇಳುವವರು ಯಾರು? ನಮ್ಮ ತಂತ್ರಾಂಶ ಮಾಡುವುದು ಅಷ್ಟೇ ಕೆಲಸ. ಪ್ರತಿ ಪಟ್ಟಿಯ ನಾದ ಕೇಳಿಸಿಕೊಂಡು ನೆನಪಿಟ್ಟುಕೊಳ್ಳುತ್ತದೆ.

ತಂತ್ರಾಂಶದ ಮೂಲ ಬರಹ ಯಾರಿಗೆ ಬೇಕಾದರೂ ಉಚಿತವಾಗಿ ಸಿಗುತ್ತದೆ. ಆದರೆ ಬರಹ ತಾನಾಗಿ ಓಡುವುದಿಲ್ಲ, ಅದನ್ನು ಕಂಪ್ಯೂಟರಿನಲ್ಲಿ ಜೋಡಿಸಿ ಕಟ್ಟಬೇಕು. ಯಾವ ಭಾಗ ಎಲ್ಲಿದೆ, ಯಾವುದರ ಮೇಲೆ ಯಾವುದು ಎಂದು ಹೇಳುವ ಒಂದು ಕಡತ ಇರುತ್ತದೆ. ಬಿಲ್ಡ್ ಫೈಲ್ ಎನ್ನುತ್ತೇವೆ. ಅದನ್ನು ಬರೆದವನು ನಾನು. ಲೋಕದ ತಂತ್ರಾಂಶಗಳೆಲ್ಲ ಇದೇ ಕಡತದಲ್ಲಿ ಮುಗ್ಗರಿಸುತ್ತವೆ, ನಮ್ಮದು ಒಬ್ಬರ ಬಳಿಯೂ ಮುಗ್ಗರಿಸಿಲ್ಲ ಎಂದು ಹನ್ನೊಂದು ವರ್ಷದಿಂದ ಪ್ರತಿ ವಾರ್ಷಿಕೋತ್ಸವದಲ್ಲಿ ಇದೇ ಜಾಗದಲ್ಲಿ ನಿಂತು ಹೇಳಿದ್ದೇನೆ. ನೀವೂ ಚಪ್ಪಾಳೆ ತಟ್ಟಿದ್ದೀರಿ. ಬಳಗದವರು ಸ್ವಲ್ಪ ಜೋರಾಗಿಯೇ ತಟ್ಟುತ್ತಿದ್ದರು ಎಂದು ಈಗ ಅನ್ನಿಸುತ್ತದೆ.

ಎರಡು ವರ್ಷದ ಹಿಂದೆ ಕಣ್ಣಿನ ಡಾಕ್ಟರು ನನ್ನ ಕಣ್ಣಿನ ನರ ಒಣಗುತ್ತಿದೆ ಎಂದರು. ಹೋದದ್ದು ಬರುವುದಿಲ್ಲ, ಉಳಿದದ್ದನ್ನು ನಿಧಾನಿಸಬಹುದು. ನನಗೆ ಭಯವಾಯಿತು. ಕುರುಡನಾಗುವ ಭಯ ಇತ್ತು, ಸುಳ್ಳೇಕೆ. ಅದಕ್ಕಿಂತ ಹೆಚ್ಚಾಗಿ, ನಾನು ನೋಡದೇ ಹೋದರೆ ಈ ತಂತ್ರಾಂಶದ ಗತಿಯೇನು ಎಂಬ ಭಯ. ಹಾಗಾಗಿ ಇದನ್ನು ಹೊರದೇಶದ ಒಂದು ದೊಡ್ಡ ಮುಕ್ತ ಭಂಡಾರಕ್ಕೆ ಸೇರಿಸಬೇಕೆಂದುಕೊಂಡೆ. ಅಲ್ಲಿ ಸೇರಿದರೆ ನಾನಿರಲಿ ಇಲ್ಲದಿರಲಿ, ಅದು ಬದುಕುತ್ತದೆ. ಅಲ್ಲಿ ಮನುಷ್ಯರು ಕಟ್ಟುವುದಿಲ್ಲ, ಯಂತ್ರವೇ ಕಟ್ಟಿ ನೋಡುತ್ತದೆ. ಕಳಿಸಿದೆ. ತಿರಸ್ಕಾರವಾಗಿ ಬಂತು.

ಐದು ಸಲ ಕಳಿಸಿದೆ, ಐದು ಸಲ ಬಂತು. ಧ್ವನಿ ಓದುವ ಲೈಬ್ರರಿ, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ತಂತ್ರಾಂಶದ ತುಣುಕು, ಸಿಗಲಿಲ್ಲ ಎಂಬುದು ಯಂತ್ರದ ದೂರು. ನಾಲ್ಕು ತಿಂಗಳು ಹುಡುಕಿದೆ. ಲೈಬ್ರರಿಯ ಹಳೆಯ ಆವೃತ್ತಿ ಹಾಕಿದೆ, ಹೊಸತು ಹಾಕಿದೆ, ಜೋಡಣೆಯ ಕ್ರಮ ಹಿಂದುಮುಂದು ಮಾಡಿದೆ. ಪರದೆಯ ಅಕ್ಷರವನ್ನು ಬೆರಳುದ್ದ ಹಿಗ್ಗಿಸಿಕೊಂಡು ದೂರಿನ ಸಾಲುಗಳನ್ನು ಓದುತ್ತಿದ್ದೆ. ಹಾಗೆ ಹಿಗ್ಗಿಸಿದಾಗ ಸಾಲಿನ ತುದಿಯಷ್ಟೇ ಕಾಣುತ್ತದೆ. ಸಾಲಿನ ಮೊದಲಲ್ಲಿ ಏನಿದೆಯೆಂದು ನಾನು ಒಮ್ಮೆಯೂ ಸರಿಸಿ ನೋಡಲಿಲ್ಲ.

ನನ್ನನ್ನು ಈಗಲೂ ‘ಪಾಕ್ ಗುರು’, ಅಂದರೆ ಮೇಷ್ಟ್ರೇ, ಎಂದು ಕರೆಯುವ ಬಳಗದ ಒಬ್ಬೊಬ್ಬರನ್ನೂ ಕೇಳಿದೆ. “ನಿಮ್ಮಲ್ಲಿ ಬಿಲ್ಡ್ ಆಗುತ್ತಾ?”

“ಆಗತ್ತೆ ಪಾಕ್ ಗುರು, ಚೆನ್ನಾಗೇ ಆಗತ್ತೆ.”

ಬಾಗ್ಯೊನನ್ನು ಕೇಳಿದರೆ ಅವನೂ ಅದನ್ನೇ ಹೇಳಿದ. “ನಮ್ಮಲ್ಲೇನೂ ತೊಂದ್ರೆ ಇಲ್ಲ ಪಾಕ್ ಗುರು. ಅಲ್ಲೇ ಏನಾದ್ರೂ ಸಣ್ಣದು ಇರ್ಬಹುದೇನೋ. ಟೀ ತರ್ಲಾ?” ಟೀ ತಂದ, ಸಕ್ಕರೆ ಒಂದು ಉಂಡೆ ಜಾಸ್ತಿಯೇ ಹಾಕಿ. ಎಲ್ಲರಲ್ಲೂ ಆಗುವುದು ಅವರಲ್ಲಿ ಮಾತ್ರ ಆಗುವುದಿಲ್ಲ ಎಂದರೆ ತಪ್ಪು ಯಾರದು? ನಾನು ಭಂಡಾರದವರಿಗೆ ಬಿಸಿಬಿಸಿಯಾಗಿ ಒಂದು ಪತ್ರ ಬರೆದೆ, ನಿಮ್ಮ ಯಂತ್ರಕ್ಕೆ ತಲೆ ಕೆಟ್ಟಿದೆ ಎಂದು. ಆ ಪತ್ರ ಅಲ್ಲಿ ಇವತ್ತಿಗೂ ಎಲ್ಲರೂ ಓದುವಂತೆ ಇದೆ. ಮುಕ್ತ ತಂತ್ರಾಂಶದಲ್ಲಿ ನಮ್ಮ ಮೂರ್ಖತನವೂ ಮುಕ್ತ.

ಆಗ ಬಳಗಕ್ಕೆ ತಿಯಾರ್ಮಾ ಸಿನಾಗಾ ಸೇರಿದಳು. ಉತ್ತರ ಸುಮಾತ್ರದ ಸಿಯಾಂತಾರ್‌ನವಳು, ಬಾತಕ್ ಜನಾಂಗದ ಹುಡುಗಿ. ನಾವು ಜಾವಾದವರು ‘ಮಳೆ ಬರುವ ಹಾಗಿದೆಯಲ್ಲವೇ’ ಎಂದು ಆಕಾಶ ನೋಡುವಷ್ಟರಲ್ಲಿ ಅವರು ‘ನೆನೀತಿದೀರಿ, ಒಳಗೆ ಬನ್ನಿ’ ಎಂದು ಕೂಗಿಯಾಗಿರುತ್ತದೆ. ಅವಳು ಬಂದ ಎರಡನೇ ದಿನ ಬಳಗದವರ ಫೋನ್ ಗುಂಪಿನಲ್ಲಿ ಒಂದು ಪ್ರಶ್ನೆ ಹಾಕಿದಳಂತೆ. ನನ್ನನ್ನು ಬಿಟ್ಟು ಮಾಡಿಕೊಂಡ ಇನ್ನೊಂದು ಗುಂಪು ಇದೆ ಎಂಬುದೇ ನನಗೆ ಆಮೇಲೆ ಗೊತ್ತಾಯಿತು. ಅಲ್ಲಿ ಎರಡು ದಿನ ಯಾರೂ ಉತ್ತರಿಸಲಿಲ್ಲವಂತೆ. ಅವಳು ಸೀದಾ ನಮ್ಮ ಮನೆಗೆ ಬಂದಳು.

“ಪಾಕ್ ಗುರು, ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಮಾಡ್ಕೊಂಡ್ರೂ ಕೇಳ್ತೀನಿ.”

“ಕೇಳಮ್ಮ.”

“ಮಾರ್ಜಿತೊ ಅಂದ್ರೆ ನೀವೇ ತಾನೆ?”

“ನಾನೇ. ಯಾಕೆ?”

“ಮತ್ತೆ ನಿಮ್ಮ ಹೆಸರಿನ ಮನೆ ನನ್ನ ಲ್ಯಾಪ್‌ಟಾಪಲ್ಲಿ ಯಾಕಿರ್ಬೇಕು?”

ನನಗೆ ಅರ್ಥವಾಗಲಿಲ್ಲ. ಅವಳು ಕಡತದ ನಲವತ್ತೊಂದನೇ ಸಾಲನ್ನು ಮೊದಲಿನಿಂದ ಗಟ್ಟಿಯಾಗಿ ಓದಿದಳು. ಧ್ವನಿ ಲೈಬ್ರರಿ ಎಲ್ಲಿದೆ ಎಂದರೆ, ಮಾರ್ಜಿತೊನ ‘ಹೋಮ್’, ಅಂದರೆ ಮನೆ ಎಂಬ ಫೋಲ್ಡರಿನಲ್ಲಿ. ಸಭಿಕರೇ, ಅದು ನನ್ನ ಕಂಪ್ಯೂಟರಿನ ವಿಳಾಸ. ಮೊದಲ ದಿನ ಅವಸರದಲ್ಲಿ ಬರೆದು, ನಾಳೆ ತಿದ್ದೋಣ ಎಂದು ಬಿಟ್ಟದ್ದು. ನನ್ನ ಕಂಪ್ಯೂಟರನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಅದು ಕೆಲಸ ಮಾಡಬಾರದಿತ್ತು.

“ಹಾಗಾದ್ರೆ ಉಳಿದವರ ಹತ್ರ ಹೇಗೆ ಆಗತ್ತೆ?” ಎಂದೆ.

“ಎಲ್ಲರೂ ಅವರವರ ಕಂಪ್ಯೂಟರಲ್ಲಿ ನಿಮ್ಮ ಹೆಸರಲ್ಲೊಂದು ಫೋಲ್ಡರ್ ಮಾಡಿ, ಲೈಬ್ರರೀನ ಅದರೊಳಗೆ ಇಟ್ಕೊಂಡಿದ್ದಾರೆ. ಹೊಸಬರು ಬಂದ್ರೆ ಮೊದಲು ಅದನ್ನೇ ಹೇಳ್ಕೊಡ್ತಾರೆ. ನಂಗೆ ಬಾಗ್ಯೊ ಅಣ್ಣ ಹೇಳಿದ್ರು. ಫೋಲ್ಡರ್ ಮಾಡಿಬಿಡಿ, ಪಾಕ್ ಗುರುಗೆ ಹೇಳೋದು ಬೇಡ, ನೊಂದ್ಕೋತಾರೆ ಅಂತ.”

ಹನ್ನೊಂದು ವರ್ಷ! ಮೂವತ್ತಕ್ಕೂ ಹೆಚ್ಚು ಜನ! ಸುರಿನಾಮಿನಲ್ಲಿ ನೆಲೆಸಿರುವ ನಮ್ಮವನೊಬ್ಬ ಬಸ್ ಡ್ರೈವರ್ ಕೂಡ ಆ ಮನೆ ಕಟ್ಟಿಕೊಂಡಿದ್ದನಂತೆ. ಸಮುದ್ರದಾಚೆ ನನಗೊಂದು ಮನೆಯಿದ್ದದ್ದು ನನಗೇ ಗೊತ್ತಿರಲಿಲ್ಲ. ಭಂಡಾರದ ಯಂತ್ರ ಮಾತ್ರ ಆ ಮನೆ ಕಟ್ಟಲಿಲ್ಲ. “ಯಂತ್ರಕ್ಕೆ ಸಂಕೋಚ ಇಲ್ಲ ಪಾಕ್ ಗುರು, ಅಷ್ಟೇ” ಎಂದಳು ತಿಯಾರ್ಮಾ. ಒಳಗಿನಿಂದ ಲಾಸ್ತ್ರಿ ನಕ್ಕದ್ದು ಕೇಳಿಸಿತು. ನನಗೆ ನಗು ಬರಲಿಲ್ಲ. ಆ ಹುಡುಗಿಗೆ ಟೀ ಕುಡಿ ಎಂದೂ ಹೇಳದೆ ಎದ್ದುಹೋದೆ. ತಿಯಾರ್ಮಾ, ಅದಕ್ಕೆ ಕ್ಷಮೆಯಿರಲಿ.

ಮೂರು ದಿನ ನಾನು ನಮ್ಮ ಸಂಪ್ರದಾಯವನ್ನು ಬೈದುಕೊಂಡೆ. ಹಿರಿಯರೆದುರು ಬಾಯಿ ಬಿಡದ ಈ ಸಂಕೋಚದಿಂದಲೇ ಜಾವಾ ಹಾಳಾಯಿತು ಎಂದು ಹೆಂಡತಿಯ ಮುಂದೆ ಕೂಗಾಡಿದೆ. ಅವರು ಅನ್ನ ಬಡಿಸುತ್ತ, “ಸಂಕೋಚ ಅವರಿಗೆ ಹುಟ್ತಾನೇ ಬಂತಾ, ಇಲ್ಲಾ ಯಾರಾದ್ರೂ ಕಲಿಸಿದ್ರಾ?” ಎಂದರು. ಇನ್ನು ಮುಂದಿನದನ್ನು ಇಲ್ಲಿ ಹೇಳಬೇಕೋ ಬೇಡವೋ ಎಂದು ನಾನು ಇವತ್ತು ಬೆಳಗಿನವರೆಗೂ ತೀರ್ಮಾನಿಸಿರಲಿಲ್ಲ.

ಬಾಗ್ಯೊ ನನ್ನ ವಿದ್ಯಾರ್ಥಿ. ಹದಿನಾರು ವರ್ಷದವನಿದ್ದಾಗ ಒಂದು ದಿನ, ತಂತಿಯ ಬಿಗಿತ ಎರಡು ಪಟ್ಟಾದರೆ ಕಂಪನವೂ ಎರಡು ಪಟ್ಟು ಎಂದು ನಾನು ಹಲಗೆಯ ಮೇಲೆ ಬರೆದೆ. ಇವನು ಕೈಯೆತ್ತಿ, “ವರ್ಗಮೂಲ ಆಗ್ಬೇಕಲ್ವಾ ಪಾಕ್ ಗುರು?” ಎಂದ. ತಮಾಷೆಗೆ ನಾನು, “ಓಹೋ, ಹಾಗಾದ್ರೆ ನೀನೇ ಬಂದು ಪಾಠ ಮಾಡಪ್ಪ” ಎಂದು ಸೀಮೆಸುಣ್ಣ ಕೊಟ್ಟೆ. ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ. ಗಂಟೆ ಹೊಡೆಯುವವರೆಗೆ ಅವನು ಸೀಮೆಸುಣ್ಣ ಹಿಡಿದು ನಿಂತಿದ್ದ. ಕೂತ್ಕೋ ಎಂದು ನಾನು ಹೇಳಲಿಲ್ಲ. ಆಮೇಲೆ ನನ್ನ ಯಾವ ತರಗತಿಯಲ್ಲೂ ಅವನು ಕೈಯೆತ್ತಲಿಲ್ಲ. ಬಹಳ ವಿನಯವಂತನಾಗಿದ್ದಾನೆ ಎಂದು ನಾನು ಅವನ ತಂದೆಯ ಬಳಿ ಹೊಗಳಿದ್ದೆ.

ನಾಲ್ಕನೇ ದಿನ ಬಾಗ್ಯೊನನ್ನು ಮನೆಗೆ ಕರೆದು, ಆ ಸಾಲನ್ನು ನೀನೇ ತೆಗೆ ಎಂದೆ. ಲೈಬ್ರರಿ ಎಲ್ಲಿದೆಯೋ ಕಂಪ್ಯೂಟರೇ ಹುಡುಕಿಕೊಳ್ಳುವಂತೆ ಅವನು ಎರಡು ಸಾಲು ಬರೆದ. ಐದು ನಿಮಿಷದ ಕೆಲಸ. ಬದಲಾವಣೆಯ ಕಾರಣವನ್ನು ಕೆಳಗೆ ಬರೆಯಬೇಕಲ್ಲ, ಅಲ್ಲಿ ‘ಸಣ್ಣ ಒಪ್ಪ ಓರಣ’ ಎಂದು ಬರೆದ. ನಾನು ಅಳಿಸು ಎಂದೆ. ‘ಹಳೆಯ ವಿಳಾಸದ ನವೀಕರಣ’ ಎಂದ. ಅದನ್ನೂ ಅಳಿಸಿದೆವು. “ಮಾರ್ಜಿತೊ ತಪ್ಪು ಮಾಡಿದ್ದ, ತಿದ್ದಲಾಗಿದೆ ಅಂತ ಬರಿ” ಎಂದೆ. ಅವನ ಕೈ ಕೀಲಿಗಳ ಮೇಲೆ ನಿಂತೇಬಿಟ್ಟಿತು. “ಆಗಲ್ಲ ಪಾಕ್ ಗುರು” ಎಂದ, ಅವನಿಗೆ ಅಳು ಬಂದಿತ್ತು. ಕೊನೆಗೆ ನಾನೇ ತಡಕಾಡಿ ಒಂದೊಂದೇ ಅಕ್ಷರ ಒತ್ತಿದೆ.

ಕಳೆದ ಮಂಗಳವಾರ ಭಂಡಾರದ ಯಂತ್ರ ನಮ್ಮ ತಂತ್ರಾಂಶವನ್ನು ಕಟ್ಟಿ ಒಪ್ಪಿಕೊಂಡಿತು. ನನ್ನನ್ನು ಕಂಡು ಕೇಳಿರದ ಯಂತ್ರದಲ್ಲಿ, ನನ್ನ ಹೆಸರಿಲ್ಲದೆ, ಅದು ಓಡಿತು. ತಿಯಾರ್ಮಾ ಫೋನಿನಲ್ಲಿ ಕಿರುಚಿ ಹೇಳಿದಾಗ ನಾನು ಹಿತ್ತಲಿನಲ್ಲಿದ್ದೆ. ಅಲ್ಲೇ ಕುಳಿತುಬಿಟ್ಟೆ. ಮನಸ್ಸು ಅಷ್ಟು ಹಗುರವಾಗಿತ್ತು.

ಇಂದಿನಿಂದ ಬಿಲ್ಡ್ ಫೈಲಿನ ಹೊಣೆ ಬಾಗ್ಯೊನದು. ಅವನೂ ತಪ್ಪು ಮಾಡುತ್ತಾನೆ. ಅವನೆದುರಿಗೇ ಹೇಳಿ, ಪ್ರತ್ಯೇಕ ಗುಂಪು ಮಾಡಿಕೊಳ್ಳಬೇಡಿ. ನೊಂದುಕೊಂಡರೆ ನೊಂದುಕೊಳ್ಳಲಿ, ಒಂದು ಟೀ ಕುಡಿದರೆ ಸರಿಹೋಗುತ್ತದೆ.

ಬಾಗ್ಯೊ, ನೀನು ಎಲ್ಲಿ ಕುಳಿತಿದ್ದೀಯೋ ನನಗೆ ಕಾಣುತ್ತಿಲ್ಲ. ಎದ್ದು ನಿಲ್ಲಬೇಡ, ಕುಳಿತೇ ಕೇಳು. ಅದು ವರ್ಗಮೂಲವೇ. ನೀನು ಹೇಳಿದ್ದು ಸರಿ. ನೀನು ಕೈಯೆತ್ತಿದ ಕ್ಷಣವೇ ನನಗೆ ಅದು ಗೊತ್ತಾಗಿತ್ತು.

ನನ್ನ ಮಾತು ಇಷ್ಟೇ. ಕೇಳಿದ ನಿಮ್ಮೆಲ್ಲರಿಗೂ, ಕೇಳಬಾರದ್ದನ್ನು ಕೇಳಿದ ತಿಯಾರ್ಮಾಗೂ ನನ್ನ ಕೃತಜ್ಞತೆ ಸಲ್ಲಲಿ. ನಮಸ್ಕಾರ.