ಐತವಾರದ ರೊಟ್ಟಿ

ಸೊಲ್ಲಾಪುರದ ದವಾಖಾನೆಯ ಬೆಂಚಿನ ಮೇಲೆ ನನ್ನ ಪಕ್ಕದಲ್ಲಿ ಅತ್ತೆ, ಸೊಸೆ ಕೂತಿದ್ದರು. ಸೊಸೆಯ ತೊಡೆಯ ಮೇಲೆ, ಕಾಲಿಗೆ ಪಟ್ಟಿ ಕಟ್ಟಿದ ಕೂಸು ಮಲಗಿತ್ತು.

"ಅತ್ತೀ, ಕಡದ ನಾಯಿ ಇನ್ನೂ ಬದುಕೈತೇನಂತ ಡಾಕ್ಟರ್ ಕೇಳಿದ್ರ ಏನ್ ಹೇಳ್ಲಿ?"

"ನಿನ್ನಿ ಮಲ್ಲಿಗಿ ಕಂಟಿ ಬುಡಕ ಜೊಲ್ಲು ಸುರಿಸಿ ಸತ್ತದ್ದೇ ಹೇಳವಾ."

"ಬಗೀಚದಾಗ ಕೂಸು ಆಡ್ತೈತಿ, ನಾಯಿಗೋಳ ರೊಟ್ಟಿ ಗೇಟಿನ ಹೊರಗ ಹಾಕ್ರಿ ಅಂತ ಎಷ್ಟ್ ಸಲ ಅಂದೆ! ಅವುಗಳ ಹೇಲು ಬಳದು ಬಳದು ನನ್ನ ಟೊಂಕ ಹೋತು."

"ಮೈಲಾರಲಿಂಗನ ನಾಯಿ ಅವು. ಐತವಾರದ ನೈವೇದ್ಯ ಬೀದ್ಯಾಗ ಹೆಂಗ ಇಡ್ಲಿ?"

"ಕೂಸಿನ ಕಾಲೂ ನೈವೇದ್ಯ ಅಂತ ತಿಳಕೊಂಡಿತೇನ್ರಿ ಅದು?"

ನರ್ಸ್ ಹೆಸರು ಕೂಗಿದಾಗ ಸೊಸೆ ಕೂಸನ್ನು ಎತ್ತಿಕೊಂಡು ಎದ್ದಳು.

"ಇವತ್ತ ಐತವಾರ," ಅಂದರು ಅತ್ತೆ, ಹಿಂದೆ ನಡೆಯುತ್ತ. "ಉಳದವು ಬಗೀಚದಾಗ ಬಂದು ಕುಂತಿರ್ತಾವ."