ಹಳೇ ಕಳ್ಳ ಸೀಸೆ

ಒಂದೂರಿನ ಹೊರಗೆ ಒಂದು ಔಷಧಿ ಕಾರ್ಖಾನೆ ಇತ್ತು. ಯಾವ ಊರು ಅಂತ ಕೇಳಬೇಡಿ. ಹೇಳಿಬಿಟ್ರೆ, "ಓಹೋ, ಅದು ಅಲ್ಲೆಲ್ಲೋ" ಅಂದ್ಕೊಂಡು ನೀವು ಆರಾಮಾಗಿ ಕೂತುಬಿಡ್ತೀರಿ. ದೃಷ್ಟಾಂತದ ಕಥೆಯಲ್ಲಿ ಹೆಸರು ಇರಬಾರದು, ಒಬ್ಬ ಶ್ರೀಮಂತ, ಒಬ್ಬ ಬಡವ ಅಂದ್ರೆ ಸಾಕು ಅಂತಾರೆ ಹಿರಿಯರು. ಆದ್ರೆ ಇವಳಿಗೆ ನಾನು ಹೆಸರು ಇಟ್ಟೇ ಇಡ್ತೀನಿ. ದಾಕ್ಷಾಯಿಣಿ. ಹೆಸರಿಲ್ಲದವರ ಸಂಕಟ ನಮಗೆಲ್ಲಿ ತಟ್ಟುತ್ತೆ ಹೇಳಿ.

ಆ ಕಾರ್ಖಾನೆಯಲ್ಲಿ ಏನು ಮಾಡ್ತಿದ್ರು? ಕಣ್ಣಿನ ಆಪರೇಷನ್ ಮಾಡುವಾಗ ಡಾಕ್ಟರು ಕಣ್ಣೊಳಗೆ ಹರಿಸಿ ತೊಳೀತಾರಲ್ಲ, ಆ ನೀರು. ಗಾಜಿನ ಸೀಸೆ, ಅದಕ್ಕೊಂದು ರಬ್ಬರ್ ಬಿರಡೆ, ಮೇಲೆ ಅಲ್ಯೂಮಿನಿಯಂ ಮುಚ್ಚಳದ ಬಿಗಿ. ಒಳಗಿನ ನೀರಲ್ಲಿ ಒಂದೇ ಒಂದು ಕ್ರಿಮಿ ಇರಬಾರದು. ಸೋಸ್ತಾರೆ, ಕಾಯಿಸ್ತಾರೆ, ಮಡಿ ಅಂದ್ರೆ ಅಷ್ಟಿಷ್ಟಲ್ಲ, ನಿಮ್ಮಜ್ಜಿಯ ಮಡಿ ಅದರ ಮುಂದೆ ಏನೂ ಅಲ್ಲ. ಆದ್ರೆ ಬಿಗಿಯಲ್ಲಿ ಕೂದಲೆಳೆಯಷ್ಟು ಸಂದು ಬಿಟ್ರೆ? ಅಷ್ಟೂ ಮಡಿ ನೀರಲ್ಲಿ ಹೋಮ.

ಆ ಬಿಗಿ ನೋಡೋದೇ ದಾಕ್ಷಾಯಿಣಿ ಕೆಲಸ. ಹೇಗೆ ನೋಡ್ತಾರೆ? ತಯಾರಾದ ಮಾಲಿನಿಂದ ಒಂದಷ್ಟು ಸೀಸೆ ಆರಿಸಿ, ದಪ್ಪ ಗಾಜಿನ ಜಾಡಿಯೊಳಗೆ ನೀಲಿ ಬಣ್ಣದ ನೀರಲ್ಲಿ ಮುಳುಗಿಸಿ, ಜಾಡಿ ಮುಚ್ಚಿ, ಪಂಪಿನಿಂದ ಒಳಗಿನ ಗಾಳಿ ಎಳೀತಾರೆ. ಆಮೇಲೆ ಗಾಳಿ ವಾಪಸ್ ಬಿಡ್ತಾರೆ. ಸೀಸೆಯಲ್ಲಿ ಸಂದಿದ್ರೆ ನೀಲಿ ಒಳಗೆ ನುಗ್ಗುತ್ತೆ. ಇಲ್ದಿದ್ರೆ ತಿಳಿನೀರು ತಿಳಿಯಾಗೇ ಇರುತ್ತೆ. ಇನ್ನೊಂದು ವಿಚಿತ್ರ ನೋಡಿ: ನೀಲಿಯಲ್ಲಿ ಮುಳುಗಿದ ಸೀಸೆ ಮಾರೋಕೆ ಬರಲ್ಲ, ತಿಪ್ಪೆಗೆ. ಪರೀಕ್ಷೆ ಆದದ್ದು ತಿಪ್ಪೆಗೆ, ಪರೀಕ್ಷೆ ಆಗದೇ ಇದ್ದದ್ದು ಮನುಷ್ಯರ ಕಣ್ಣಿಗೆ. ಯಾವ ನಂಬಿಕೆ ಮೇಲೆ? ಆ ಪರೀಕ್ಷೆ ಮಾಡೋ ಕೈಯ ನಂಬಿಕೆ ಮೇಲೆ.

ಸರಿ, ಆ ಪರೀಕ್ಷೆಯೇ ಕುರುಡಾಗಿದ್ರೆ? ಅದಕ್ಕೂ ಒಂದು ಉಪಾಯ ಮಾಡಿದ್ದಾರೆ ಬುದ್ಧಿವಂತರು. ಪ್ರತಿ ಸಲವೂ ಒಂದು ಒಳ್ಳೇ ಸೀಸೆ ತಗೊಂಡು, ಬೇಕಂತಲೇ ಬಿರಡೆಗೆ ಕೂದಲಿನಂಥ ಟೊಳ್ಳು ಸೂಜಿ ಚುಚ್ಚಿ, ಉಳಿದವುಗಳ ಜೊತೆ ಮುಳುಗಿಸಬೇಕು. ಅದನ್ನ ಅಲ್ಲಿಯವರು ಕಳ್ಳ ಸೀಸೆ ಅಂತಿದ್ರು. ಕಳ್ಳನೊಳಗೆ ನೀಲಿ ಬಂತು ಅಂದ್ರೆ ಪರೀಕ್ಷೆ ಎಚ್ಚರವಾಗಿದೆ ಅಂತ ಅರ್ಥ. ಕಳ್ಳನನ್ನೇ ಹಿಡೀದ ಪೊಲೀಸ್ ಇದ್ರೇನು, ಸತ್ತರೇನು?

ಈ ದಾಕ್ಷಾಯಿಣಿಯನ್ನ ಓದಿಸಿದ್ದು ಅವಳ ಚಿಕ್ಕಮ್ಮ, ಸರ್ವಮಂಗಳ ಅಂತ. ತಾಯಿ ಇಲ್ಲದ ಹುಡುಗಿಯನ್ನ ಮಡಿಲಿಗೆ ಹಾಕ್ಕೊಂಡು, ಊರವರ ರವಿಕೆ ಹೊಲಿದು ಹೊಲಿದು ಬಿಎಸ್ಸಿ ಮಾಡಿಸಿದ ಹೆಂಗಸು. ಈಗ ಅವಳ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಸೂಜಿಗೆ ದಾರ ಪೋಣಿಸೋಕೆ ಬೀದಿಯ ಮಕ್ಕಳನ್ನ ಕರೀತಿದ್ಲು. ತಾಲ್ಲೂಕಿನ ಆಸ್ಪತ್ರೆಯೊಂದರಲ್ಲಿ ಉಚಿತ ಶಿಬಿರ ಇದೆ, ಹೋಗು ಅಂದ್ರೆ ಹೆದರಿಕೆ. ಕಣ್ಣು ಕುಯ್ಯಿಸ್ಕೊಳ್ಳೋದು ಅಂದ್ರೇನು ಹುಡುಗಾಟವಾ, ನನ್ನ ಹೊಟ್ಟೆಪಾಡೇ ಕಣ್ಣಲ್ಲಿದೆ ಅಂತ ಮುಂದೂಡ್ತಾನೇ ಇದ್ಲು. ಕೊನೆಗೆ ದಾಕ್ಷಾಯಿಣಿ ಪಕ್ಕದಲ್ಲಿ ಕೂತು, "ಚಿಕ್ಕಮ್ಮ, ಅಲ್ಲಿ ಹಾಕೋದು ನಮ್ಮ ಕಾರ್ಖಾನೆ ನೀರು. ಅದು ನನ್ನ ಕೈ ದಾಟದೆ ಆಚೆ ಹೋಗಲ್ಲ" ಅಂದಳು. ಆ ಮಾತಿಗೆ ಮುದುಕಿ ಎದ್ದು ಹೊಸ ಸೀರೆ ಉಟ್ಟಳು.

ಮೊದಲು ಒಂದು ಕಣ್ಣಿಗೆ ಆಪರೇಷನ್ ಆಯ್ತು. ಪಟ್ಟಿ ಬಿಚ್ಚೋ ಹೊತ್ತಿಗೆ ಕಣ್ಣು ಕೆಂಡ. ಕೀವು ತುಂಬಿತ್ತು. ಆ ದಿನ ಆಪರೇಷನ್ ಆದ ಅಷ್ಟೂ ಜನರದ್ದು ಅದೇ ಗತಿ. ದೊಡ್ಡಾಸ್ಪತ್ರೆಗೆ ಓಡಿಸಿದ್ರು, ಇಂಜೆಕ್ಷನ್ ಮೇಲೆ ಇಂಜೆಕ್ಷನ್. ಕಣ್ಣು ಉಳೀಲಿಲ್ಲ. ಇನ್ನೊಂದು ಕಣ್ಣಲ್ಲಿ ಇದ್ದದ್ದು ಪೊರೆ ಕವಿದ ಮಬ್ಬು ಬೆಳಕು, ಅಷ್ಟೇ.

ತನಿಖೆಗೆ ಜನ ಬಂದ್ರು. ಕಾರ್ಖಾನೆಯಲ್ಲಿ ಎತ್ತಿಟ್ಟಿದ್ದ ಅದೇ ಮಾಲಿನ ಸೀಸೆಗಳನ್ನ ತರಿಸಿ, ನಮ್ಮ ಕಣ್ಣೆದುರು ಪರೀಕ್ಷೆ ಮಾಡಿ ಅಂದ್ರು. ದಾಕ್ಷಾಯಿಣಿ ಮುಳುಗಿಸಿದಳು, ಪಂಪ್ ಹಾಕಿದಳು. ಹೊರಗೆ ತೆಗೆದ್ರೆ ಎಲ್ಲ ಸೀಸೆ ತಿಳಿ, ಕಳ್ಳ ಸೀಸೆ ಮಾತ್ರ ನೀಲಿ. ಬಂದವರು ತಲೆದೂಗಿದ್ರು. ನೀರಿನದ್ದೇನೂ ತಪ್ಪಿಲ್ಲ, ಆಸ್ಪತ್ರೆಯಲ್ಲೇ ಏನೋ ಆಗಿದೆ ಅಂತ, ಕತ್ತರಿ ಚಿಮಟ ಕಾಯಿಸ್ತಿದ್ದ ಒಬ್ಬ ನರ್ಸನ್ನ ಕೆಲಸದಿಂದ ತೆಗೆದ್ರು. ದಾಕ್ಷಾಯಿಣಿ ಮನೆಗೆ ಬಂದು ಚಿಕ್ಕಮ್ಮನ ಕಾಲ ಹತ್ರ ಕೂತು, ನಮ್ಮದಲ್ಲವಂತೆ ಅಂದಳು. ನಿನ್ನ ಕೈಯ ತಪ್ಪು ಆಗಿರೋಕೆ ಸಾಧ್ಯವೇ ಇಲ್ಲ, ನನಗೆ ಗೊತ್ತಿತ್ತು ಅಂತ ಮುದುಕಿ ಅವಳ ತಲೆ ಸವರಿದಳು. ಅವತ್ತು ದಾಕ್ಷಾಯಿಣಿ ಹೊಟ್ಟೆತುಂಬ ಉಂಡಳು. ನೋಡಿ, ಈ ಊಟ ನೆನಪಿಟ್ಕೊಳ್ಳಿ.

ಮಾರನೇ ದಿನ ಕೆಲಸಕ್ಕೆ ಹೋದಳು. ತೊಳೆಯುವಾಗ ಆ ಕಳ್ಳ ಸೀಸೆ ಕೈ ಜಾರಿ ಬಿದ್ದು ಒಡೀತು. ನೀಲಿ ಚೆಲ್ಲಿತು. ಏನಂತೆ, ಇನ್ನೊಂದು ಚುಚ್ಚಿದ್ರಾಯ್ತು ಅಂತೀರಿ. ಅಲ್ಲೇ ಇರೋದು ನೋಡಿ ಕಥೆ. ಅವಳು ಹೊಸ ಸೀಸೆ ಚುಚ್ಚಿ ಎಷ್ಟೋ ಕಾಲ ಆಗಿತ್ತು.

ಒಂದು ದೀಪಾವಳಿಯ ಗಡಿಬಿಡಿ. ಆ ಸೂಜಿ ಮುಟ್ಟಿದ್ರೆ ಬಗ್ಗುತ್ತೆ, ಅಳ್ಳಾಡಿದ್ರೆ ಮುರಿಯುತ್ತೆ, ಬೆರಳಿಗೂ ಚುಚ್ಚುತ್ತೆ. ಇವತ್ತೊಂದಿನ ಅಂತ ಹಿಂದಿನ ದಿನದ ಕಳ್ಳನನ್ನೇ ಮೇಲೆ ತೊಳೆದು ಮುಳುಗಿಸಿದಳು. ಹೊರಗೆ ತೆಗೆದ್ರೆ ನೀಲಿ. ನೀಲಿ ಇರದೆ ಇನ್ನೇನಿರುತ್ತೆ, ಅದು ಹಿಂದಿನ ದಿನದ್ದೇ ನೀಲಿ. ಒಂದಿನ ಎರಡು ದಿನ ಆಯ್ತು, ಎರಡು ದಿನ ಅಭ್ಯಾಸ ಆಯ್ತು. ದಿನಾ ಅದೇ ಕಳ್ಳನನ್ನ ಒಳಗೆ ಬಿಡೋದು, ಅವನನ್ನೇ ಹಿಡಿಯೋದು, ಪರೀಕ್ಷೆ ಎಚ್ಚರವಾಗಿದೆ ಅಂತ ಸಹಿ ಹಾಕೋದು. ತನಿಖೆಯವರ ಮುಂದೆ ಮುಳುಗಿಸಿದ್ದೂ ಅದೇ ಹಳೇ ಕಳ್ಳನನ್ನ, ಮುಳುಗಿಸೋ ಮುಂಚೆ ಅದು ಯಾವ ಬಣ್ಣ ಅಂತ ಅವರೂ ನೋಡಿರಲಿಲ್ಲ. ಅವಳೇನು ಕೆಟ್ಟವಳಾ? ಅಲ್ಲ. ಲಂಚ ತಿಂದಳಾ? ಇಲ್ಲ. ಬರೀ ಸಲೀಸು ಮಾಡ್ಕೊಂಡಳು, ಅಷ್ಟೇ.

ಈಗ ಹೊಸ ಸೀಸೆ ಚುಚ್ಚಿದಳು, ಮುಳುಗಿಸಿದಳು, ತೆಗೆದಳು. ತಿಳಿ. ಸೂಜಿ ಪೂರ್ತಿ ಇಳಿದಿಲ್ಲವೇನೋ ಅಂತ ಇನ್ನೊಂದಕ್ಕೆ ದಪ್ಪ ಸೂಜಿಯನ್ನೇ ಆಳಕ್ಕೆ ಚುಚ್ಚಿದಳು. ಅದೂ ತಿಳಿ. ಮೂರನೇ ಸಲ ಪಂಪ್ ಓಡ್ತಿರುವಾಗಲೇ ಜಾಡಿಯ ಮುಚ್ಚಳಕ್ಕೆ ಬೆರಳು ಹಚ್ಚಿದಳು. ಮುಚ್ಚಳ ಎದ್ದುಬಂತು. ಗಾಳಿ ಎಳೆದ ಜಾಡಿಯ ಮುಚ್ಚಳ ಗಂಡಾಳು ಎಳೆದ್ರೂ ಬರಬಾರದು, ಮೊದಲು ಗಾಳಿ ಬಿಟ್ಟು ಆಮೇಲೆ ತೆಗೀಬೇಕು. ಇದು ಬೆರಳಲ್ಲಿ ಬಂತು. ಈಚೆಗೆ ಮುಚ್ಚಳ ಹಗುರಾಗಿದೆ, ಕೈನೋವು ತಪ್ಪಿತು ಅಂತ ಅವಳೇ ಒಳಗೊಳಗೆ ಖುಷಿಪಟ್ಟಿದ್ಲು. ಪಂಪಿನಿಂದ ಜಾಡಿಗೆ ಬರೋ ಪೈಪ್ ಬಿಚ್ಚಿದಳು. ಒಳಗೆ ಬಣ್ಣ ಒಣಗಿ ಒಣಗಿ ಗಾರೆಯ ಹಾಗೆ ಕಟ್ಟಿಕೊಂಡಿತ್ತು. ಪಂಪ್ ಎಳೀತಿತ್ತು, ಗಾಳಿ ಎಷ್ಟು ಎಳೆದಿದೆ ಅಂತ ತೋರಿಸೋ ಪಂಪಿನ ಪಕ್ಕದ ಮುಳ್ಳೂ ಸರಿಯಾಗೇ ನಿಂತಿರ್ತಿತ್ತು. ಜಾಡಿಗೆ ಏನೂ ತಲುಪ್ತಿರಲಿಲ್ಲ. ಎಷ್ಟೋ ಕಾಲದಿಂದ ಅಲ್ಲಿ ಪರೀಕ್ಷೆಯೇ ನಡೆದಿರಲಿಲ್ಲ. ಸೀಸೆಗಳಿಗೆ ಬರೀ ನೀಲಿ ಸ್ನಾನ.

ಪೈಪ್ ಕೆರೆದು ತೊಳೆದು ಸಿಕ್ಕಿಸಿ, ಚಿಕ್ಕಮ್ಮನ ಕಣ್ಣಿಗೆ ಹೋಗಿದ್ದ ಅದೇ ಮಾಲಿನಲ್ಲಿ ಮಿಕ್ಕಿದ್ದ ಸೀಸೆಗಳನ್ನ ಮುಳುಗಿಸಿದಳು. ಪಂಪ್ ಹಾಕಿದಳು. ಈ ಸಲ ಮುಚ್ಚಳ ಅಲ್ಲಾಡಲಿಲ್ಲ. ಗಾಳಿ ಬಿಟ್ಟು ಹೊರಗೆ ತೆಗೆದ್ರೆ ಒಂದರಲ್ಲಿ ನೀಲಿ. ಪಕ್ಕದ್ದರಲ್ಲಿ ನೀಲಿ. ಸೀಸೆಗೆ ಮುಚ್ಚಳ ಬಿಗಿಯೋ ಯಂತ್ರ ಯಾವಾಗಲೋ ಸವೆದಿತ್ತು. ಮೊದಲ ದಿನವೇ ಹೇಳಬೇಕಾಗಿದ್ದ ಪರೀಕ್ಷೆ ನಿದ್ದೆ ಹೊಡೀತಿತ್ತು. ದಾಕ್ಷಾಯಿಣಿ ನೆಲದ ಮೇಲೆ ಕೂತುಬಿಟ್ಟಳು. ಅಳು ಬರಲಿಲ್ಲವಂತೆ.

ಮುಚ್ಚಿಡಲಿಲ್ಲ, ಅದೊಂದು ಹೇಳಬೇಕು. ಮಾಲೀಕನ ಹತ್ರ ಹೋಗಿ ಎಲ್ಲ ಹೇಳಿದಳು. ಆಗಿದ್ದು ಆಯ್ತು, ತನಿಖೆಯೂ ಮುಗೀತು, ಬಾಯಿ ಮುಚ್ಕೊಂಡಿರು ಅಂದ ಅವನು. ಅವಳು ತನಿಖೆಯವರ ಬಾಗಿಲಿಗೇ ಹೋದಳು. ಕಾರ್ಖಾನೆಗೆ ಬೀಗ ಬಿತ್ತು. ಮಾರಿದ ಸೀಸೆ ವಾಪಸ್ ತರಿಸಿ ಅಂದ್ರು. ವಾಪಸ್ ಏನು ಬರುತ್ತೆ? ಹೆಚ್ಚಿನವು ಖಾಲಿಯಾಗಿದ್ವು. ಆ ನರ್ಸು ಅಷ್ಟರಲ್ಲಿ ಅವಮಾನಕ್ಕೆ ಊರೇ ಬಿಟ್ಟಿದ್ಲು. ಎಲ್ಲಿ ಹೋದಳು ಅಂತ ಯಾರಿಗೂ ಗೊತ್ತಿರಲಿಲ್ಲ.

ಸಂಜೆ ಚಿಕ್ಕಮ್ಮನಿಗೆ ಹೇಳಿದಳು. ಮುದುಕಿ ಹೊಲಿಗೆ ಯಂತ್ರದ ಮುಂದೆ ಕೂತಿದ್ಲು, ಹೊಲಿಯೋಕಲ್ಲ, ಅಭ್ಯಾಸಕ್ಕೆ. ದೀಪಾವಳಿಯಿಂದ ಪೈಪಿನವರೆಗೆ ಪೂರ್ತಿ ಕೇಳಿಸ್ಕೊಂಡಳು. ಬೈಯಲಿಲ್ಲ. ಬೈದಿದ್ರೆ ದಾಕ್ಷಾಯಿಣಿಗೆ ಎಷ್ಟೋ ಮೇಲಾಗ್ತಿತ್ತೇನೋ. ಯಂತ್ರದ ಚಕ್ರ ಸವರುತ್ತಾ, "ನೀನು ನೋಡಿದ್ದೀಯ ಅಂತಲೇ ಕಣವ್ವ ನಾನು ಹೋಗಿದ್ದು" ಅಂದಳು. ಆಮೇಲೆ, "ಇನ್ನೊಂದು ಕಣ್ಣಿಗೆ ಮಾಡಿಸ್ಕೋ ಅಂತ ಮಾತ್ರ ಹೇಳಬೇಡ" ಅಂದಳು. ಮಾಡಿಸ್ಕೊಳ್ಳಲೂ ಇಲ್ಲ. ಆ ಮಬ್ಬೂ ಮೆಲ್ಲಮೆಲ್ಲಗೆ ಮುಚ್ಚಿಕೊಳ್ತು.

ಕಥೆ ಮುಗೀತು. ಪಾಪ ಚಿಕ್ಕಮ್ಮ ಅಂತ ಕೆಲವರು ಕಣ್ಣೊರೆಸ್ಕೋತಾ ಇದ್ದೀರಿ. ಒರೆಸ್ಕೋಬೇಡಿ, ಆ ಕಣ್ಣೀರೇ ನಾಳೆಯ ಕಳ್ಳ ಸೀಸೆ.

ಯಾಕೆ ಅಂತೀರಾ? ನಿಮ್ಮ ಮನಸ್ಸು ಮೆತ್ತಗಿದೆಯಾ ಅಂತ ಕೇಳಿದ್ರೆ ನೀವು ಏನು ತೋರಿಸ್ತೀರಿ? ನಮ್ಮಪ್ಪ ಸತ್ತಾಗ ಎಷ್ಟು ಅತ್ತಿದ್ದೆ ಅಂತೀರಿ. ಆ ನೆರೆ ಬಂದಾಗ ಕಂಬಳಿ ಕೊಟ್ಟಿದ್ದೆ ಅಂತೀರಿ. ಪ್ರವಚನ ಕೇಳ್ತಾ ಎದೆ ಕರಗಿತ್ತು ಅಂತೀರಿ. ಎಲ್ಲ ಹಳೇ ನೀಲಿ. ಯಾವತ್ತೋ ಸಿಕ್ಕಿಬಿದ್ದ ಕಳ್ಳ. ಇವತ್ತು ಬೆಳಿಗ್ಗೆ ಮನೆಯಲ್ಲಿ ಒಂದು ಜೀವ ನಿಮ್ಮ ಮುಂದೆ ಬಾಯಿ ತೆರೆದು ಮತ್ತೆ ಮುಚ್ಕೊಳ್ತಲ್ಲ, ಅದು ಒಳಗೆ ಇಳೀತಾ? ಪೂಜೆ ಸಲೀಸಾಗಿದೆ, ಜಪ ಸಲೀಸಾಗಿದೆ, ಮನಸ್ಸು ಹಗುರಾಗಿದೆ ಅಂತೀರಿ. ಮುಚ್ಚಳ ಬೆರಳಲ್ಲಿ ಬರ್ತಾ ಇದೆ ಅಂತ ನನಗೆ ಭಯ. ನಿಮ್ಮ ಕೈ ನಂಬಿ ಹೊಸ ಸೀರೆ ಉಟ್ಟು ಹೊರಟವರು ಎಷ್ಟು ಜನ ಇದ್ದಾರೋ, ನಿಮಗೇನಾದ್ರೂ ಗೊತ್ತಾ?

ಮಾಡಬೇಕಾದ್ದು ಇಷ್ಟು. ದಿನಾ ಹೊಸದಾಗಿ ಚುಚ್ಚಿಕೊಳ್ಳಿ. ಊಟಕ್ಕೆ ಕೂರೋ ಮುಂಚೆ, ಮನೆಯಲ್ಲಿ ನಿಮಗೆ ಹೆದರೋರು ಯಾರೋ ಅವರನ್ನ ಕೇಳಿ: ಇವತ್ತು ನಾನು ನಿನಗೆ ಏನು ನೋವು ಮಾಡಿದೆ? ಹೋದ ವರ್ಷದ್ದಲ್ಲ, ಇವತ್ತಿನದು. ಏನಿಲ್ಲ ಅಂತಾರೆ, ಹೆದರಿಕೆಗೆ. ಮತ್ತೆ ಕೇಳಿ. ಹೇಳಿದಾಗ ಎದೆ ಉರಿದ್ರೆ ಪಂಪ್ ಎಳೀತಾ ಇದೆ. ಏನೂ ಅನ್ನಿಸದಿದ್ರೆ ಹೊಟ್ಟೆತುಂಬ ಉಣ್ಣಬೇಡಿ, ಪೈಪ್ ಬಿಚ್ಚಿ. ಇದನ್ನ ಮಾಡಿದ್ರೆ ಹೋದದ್ದು ಬರುತ್ತೆ ಅಂತ ನಾನು ಆಸೆ ಹುಟ್ಟಿಸಲ್ಲ. ಪೈಪ್ ತೊಳೀಬಹುದು, ಕಣ್ಣು ಬರಲ್ಲ.

ಇವತ್ತು ಮಂಗಳ ಹಾಡೋದು ಬೇಡ. ಮನೆಗೆ ಹೋಗಿ, ಮೊದಲು ಕೇಳಿ, ಆಮೇಲೆ ಉಣ್ಣಿ.