ಸಂತ ಮಾರ್ಟಿನನ ಸಂಜೆ

ಮಸ್ಕತ್ತಿನಲ್ಲಿ ಮಳೆ ಬಂದರೆ ಹಬ್ಬವೂ ಹೌದು, ಪೀಡೆಯೂ ಹೌದು. ಆ ನವೆಂಬರಿನ ಶುಕ್ರವಾರ ಮಧ್ಯಾಹ್ನವೇ ಮಳೆ ಹಿಡಿದು, ಸಂಜೆಯಾಗುವಷ್ಟರಲ್ಲಿ ದಾರ್ಸೈಟಿನ ರಸ್ತೆಯ ಮೇಲೆ ಕೆಸರುನೀರು ಹರಿಯತೊಡಗಿತ್ತು. ಊಟಕ್ಕೆ ಬಂದಿದ್ದ ಮುದಿ ಡ್ರೈವರ್ ಸೇಸಪ್ಪ ರೋಸಲಿಂಡಳ ಫ್ಲ್ಯಾಟಿನಲ್ಲೇ ಸಿಕ್ಕಿಹಾಕಿಕೊಂಡ. ಕರೆಂಟೂ ಹೋಯಿತು. ಅವಳ ಗಂಡ ಸ್ಟ್ಯಾನಿ ಮೇಣದಬತ್ತಿ ಹಚ್ಚಿದ, ಮಕ್ಕಳು ಚಾಪೆ ಹಾಸಿದರು, ಮನೆಗೆಲಸದ ಅಪ್ಪಿ ಬಾಗಿಲ ಪಕ್ಕ ಗೋಡೆಗೆ ಒರಗಿ ಕೂತಳು.

ರೋಸಲಿಂಡ್ ಅವಳ ಮುಖ ನೋಡಲಿಲ್ಲ. ಊರಿಗೆ ಹೋಗುತ್ತೇನೆ ಬಾಯಮ್ಮ, ಇನ್ನು ಕೈಲಾಗುವುದಿಲ್ಲ ಎಂದು ಅಪ್ಪಿ ಬೆಳಿಗ್ಗೆ ಮತ್ತೊಮ್ಮೆ ಕೇಳಿದ್ದಳು. ಪಾಸ್‌ಪೋರ್ಟು ರೋಸಲಿಂಡಳ ಕಪಾಟಿನಲ್ಲಿತ್ತು. ಬರುವ ವರ್ಷ ನೋಡುವ ಎಂದು ಅವಳು ಮಾತು ಮುಗಿಸಿದ್ದಳು. ಅವಳೇನು ಕಲ್ಲುಮನಸ್ಸಿನವಳಲ್ಲ, ಆಫೀಸಿನಲ್ಲಿ ಟೈಪು ಕುಟ್ಟಿ ಅವಳ ಬೆನ್ನೂ ಹಿಡಿದುಹೋಗಿತ್ತು. ಅಪ್ಪಿ ಹೋದರೆ ಮನೆ ನೋಡುವವರು ಯಾರು?

ಮಕ್ಕಳು ದೆವ್ವದ ಕತೆ ಬೇಕೆಂದು ಹಟ ಹಿಡಿದರು. ಸೇಸಪ್ಪ ಮೊಣಕಾಲು ನೀವಿಕೊಳ್ಳುತ್ತ ಮಳೆಯ ಕಡೆ ನೋಡಿದ.

“ಇವತ್ತು ತಾರೀಕು ಹನ್ನೊಂದಲ್ವಾ... ಹಾಗಾದ್ರೆ ಆಂಡ್ರ್ಯೂವಿನ ಕತೆಯೇ ಹೇಳ್ಬೇಕು. ಹತ್ತು ವರ್ಷ ದಾಟಿತು ಮಾರಾಯ್ರೆ. ನಾನಾಗ ಅಲ್ ಖುವೈರಿನಲ್ಲಿ ಒಬ್ಬ ಫ್ರೆಂಚ್ ಸಾಯಿಬನ ಕಾರು ಓಡಿಸ್ತಿದ್ದೆ, ಅಡುಗೆಗೆ ನಮ್ಮ ಕಲ್ಯಾಣಪುರದ ಆಂಡ್ರ್ಯೂ. ಸಾಯಿಬನ ಹಳ್ಳಿಯ ಹೆಸರು ಸಂತ ಮಾರ್ಟಿನ್, ಅಲ್ಲಿಯ ಇಗರ್ಜಿ ಸಂತ ಮಾರ್ಟಿನ್, ಹಬ್ಬವೂ ಸಂತ ಮಾರ್ಟಿನ್... ಆ ದೇಶದಲ್ಲಿ ಅದೇ ಹೆಸರಿನ ಹಳ್ಳಿ ಎಷ್ಟುಂಟು ಅಂದ್ರೆ, ಯಾವ ಸಂತ ಮಾರ್ಟಿನ್ ಅಂತ ಕೇಳದೆ ಬಸ್ಸು ಹತ್ಲಿಕ್ಕಿಲ್ವಂತೆ. ಚಳಿಗೆ ನಡುಗುವ ಭಿಕ್ಷುಕನಿಗೆ ತನ್ನ ನಿಲುವಂಗಿ ಸೀಳಿ ಅರ್ಧ ಕೊಟ್ಟ ಸಂತ ಅವ. ಇವತ್ತೇ ಅವನ ಹಬ್ಬ, ಈ ದಿವಸಕ್ಕೆ ಹೊಲದ ಆಳುಗಳ ವರ್ಷ ಮುಗೀತದೆ. ಸಂಜೆ ಇಗರ್ಜಿಯ ಗಂಟೆ ಹೊಡೆದಾಗ ಯಜಮಾನ ಆಳಿನ ಕೈ ಹಿಡಿದು ‘ನೀನಿನ್ನು ಹೋಗು’ ಅನ್ಬೇಕು. ಕೈ ಹಿಡಿಯದೆ ಬಿಡುಗಡೆ ಇಲ್ಲ. ಇದೆಲ್ಲ ಸಾಯಿಬನೇ ಹೇಳಿದ್ದು.

“ಆಂಡ್ರ್ಯೂಗೆ ಬಚ್ಚಿತ್ತು. ಕಾಯಿಲೆ ಅಲ್ಲ, ದುಡಿದು ದುಡಿದು ಸುಸ್ತು... ಬಚ್ಚಿತ್ತು. ನನ್ನ ಮನೆಯ ಮೆಟ್ಟಿಲ ಮೇಲೆ ಕೂತುಕೊಳ್ಬೇಕು ಸೇಸಪ್ಪ, ಯಾರಾದ್ರೂ ಒಂದು ತಟ್ಟೆ ಗಂಜಿ ತಂದುಕೊಡ್ಬೇಕು, ಇಷ್ಟೇ ಆಸೆ ಅವನದ್ದು. ಸಾಯಿಬ ಒಳ್ಳೆಯವನೇ. ಸಂತ ಮಾರ್ಟಿನನ ಹಬ್ಬಕ್ಕೆ ಕಳಿಸ್ತೇನೆ ಅಂದ. ಆದ್ರೆ ಹಬ್ಬದ ದಿವಸ ಮನೆತುಂಬ ಜನ, ಬರ್ಕಾದಿಂದ ಬಾತುಕೋಳಿ ತಂದಾಗಿದೆ, ಅದನ್ನು ಬೇಯಿಸುವವರು ಯಾರು? ಆಳಿನ ಬಿಡುಗಡೆಯ ಹಬ್ಬಕ್ಕೆ ಆಳೇ ದುಡೀಬೇಕು, ನೋಡಿ. ಬರುವ ವರ್ಷ ಆಂಡ್ರ್ಯೂ, ಬರುವ ವರ್ಷ... ಹೀಗೇ ಹಬ್ಬ ಬಂತು, ಹೋಯಿತು. ಕೊನೆಗೆ ಒಂದು ಹಬ್ಬದ ಸಂಜೆ ಅವ ಪಾತ್ರೆಯೆಲ್ಲ ತಿಕ್ಕಿ ಕವುಚಿಟ್ಟು, ಬಟ್ಟೆ ಹಿಂಡಿ ಒಣಗ್ಲಿಕ್ಕೆ ಹಾಕಿ, ಸ್ಟೂಲಿನ ಮೇಲೆ ಕೂತವ ಮತ್ತೆ ಏಳಲಿಲ್ಲ. ಖಲಾಸ್. ಪೆಟ್ಟಿಗೆಯೇನೋ ವಿಮಾನದಲ್ಲಿ ಊರಿಗೆ ಹೋಯಿತು. ಕೈ ಹಿಡಿದು ಕಳಿಸಿದವರು ಯಾರು, ಹೇಳಿ?”

ಮಕ್ಕಳು ತಾಯಿಗೆ ಒತ್ತಿಕೊಂಡರು. ರೋಸಲಿಂಡಳಿಗೆ ಕತೆ ಇಲ್ಲಿಗೇ ಸಾಕು ಅನ್ನಿಸಿತು.

“ಮಾರನೇ ವರ್ಷ ಸಾಯಿಬ ಹಬ್ಬ ಮಾಡಲಿಲ್ಲ. ಅಡುಗೆಮನೆಗೆ ಬೀಗ. ಹೊತ್ತು ಕಂತುವಾಗ ಒಳಗಿಂದ ಪಾತ್ರೆ ತಿಕ್ಕುವ ಸದ್ದು... ಬೀಗ ತೆಗೆದು ನೋಡಿದ್ರೆ ಯಾರಿಲ್ಲ, ನಲ್ಲಿ ಬಿಟ್ಟುಂಟು, ನೀರಿಳಿಯುವ ಪಾತ್ರೆಗಳು ಸಾಲಾಗಿ ಕವುಚಿದ್ದಾವೆ. ಸಾಯಿಬ ಅಳ್ತಾ ಗಾಳಿಗೆ ಕೈ ಚಾಚಿ ಹೋಗು ಆಂಡ್ರ್ಯೂ ಅಂದ. ಅವನ ಕೈ ನನ್ನ ಕಣ್ಣೆದುರೇ ಒದ್ದೆ ಆಯ್ತು, ಸಾಬೂನಿನ ನೊರೆ ಸಮೇತ. ಆದ್ರೆ ಸದ್ದು ನಿಲ್ಲಲಿಲ್ಲ. ಸತ್ತವನಿಗೆ ಕೊಟ್ಟ ರಜೆ ಯಾವ ಉಪಯೋಗಕ್ಕೆ?

“ಸಾಯಿಬ ದೇಶ ಬಿಟ್ಟ. ಆಂಡ್ರ್ಯೂ ಬಿಡಲಿಲ್ಲ. ರೂವಿಯ ಒಂದು ಮನೆಯಲ್ಲಿ ಸುಂದರಿ ಅಂತ ಕೆಲಸದವಳು, ಅವಳಿಗೂ ಬರುವ ವರ್ಷ ಅಂದಿದ್ರು. ಹಿಂದೊಂದು ವರ್ಷ, ಈ ದಿವಸವೇ, ಈ ಹೊತ್ತಿಗೇ. ಅವಳು ಎಲ್ಲರ ಎದುರು ಕೂತಿದ್ದಾಳೆ, ಅಡುಗೆಮನೆಯಲ್ಲಿ ಪಾತ್ರೆಯ ಸದ್ದು! ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಸದ್ದು ನಿಂತ ಮೇಲೆ ಅವಳನ್ನು ಕರೆದ್ರೆ... ಏಳಲೇ ಇಲ್ಲ. ಕೆಟ್ಟವನಲ್ಲ ಅವ. ಬಚ್ಚಿದವರ ಪಾಲಿನ ಕೆಲಸ ಮುಗಿಸಿಕೊಟ್ಟು, ಯಜಮಾನರು ಹಿಡಿಯದ ಕೈಯನ್ನು ತಾನೇ ಹಿಡಿದು ಕರಕೊಂಡು ಹೋಗ್ತಾನೆ.”

ಸೇಸಪ್ಪನ ಕತೆ ಮುಗಿಯಿತು. ಹೊರಗೆ ಮಳೆಯೂ ಸಣ್ಣಗಾಗಿತ್ತು. ಆಗ ಅಡುಗೆಮನೆಯಿಂದ ತೆಂಗಿನ ನಾರು ತಪ್ಪಲೆಯ ತಳಕ್ಕೆ ಉಜ್ಜುವ ಸದ್ದು ಎಲ್ಲರಿಗೂ ಕೇಳಿಸಿತು.

ರೋಸಲಿಂಡ್ ಮೊದಲು ಬೈಯಲು ಹೊರಟಳು, ಇಷ್ಟು ಕತ್ತಲಲ್ಲಿ ಪಾತ್ರೆ ಯಾಕೆ ಅಪ್ಪಿ ಎಂದು. ಮರುಕ್ಷಣ ಬಾಗಿಲ ಕಡೆ ನೋಡಿದಳು. ಅಪ್ಪಿ ಅಲ್ಲೇ ಇದ್ದಳು. ಒಣಗಿದ ಕೈಗಳನ್ನು ಮಡಿಲಲ್ಲಿಟ್ಟು, ಕಣ್ಣು ಮುಚ್ಚಿ, ತಲೆಯನ್ನು ಗೋಡೆಗೆ ಆನಿಸಿದ್ದಳು. ಅವಳ ಮುಖದ ಮೇಲೆ ಅಷ್ಟು ನೆಮ್ಮದಿಯನ್ನು ರೋಸಲಿಂಡ್ ಎಂದೂ ಕಂಡಿರಲಿಲ್ಲ.

ತೆವಳಿಕೊಂಡೇ ಹೋಗಿ ಅಪ್ಪಿಯ ಕೈ ಹಿಡಿದಳು. ಬೆರಳುಗಳು ತಣ್ಣಗಾಗುತ್ತಿದ್ದವು. ಹೋಗು ಎಂಬ ಒಂದೇ ಒಂದು ಮಾತು ಹೇಳಬೇಕಿತ್ತು, ಆದರೆ ನಾಲಗೆಗೆ ರೂಢಿಯಾಗಿದ್ದ ಬರುವ ವರ್ಷ ಎಂಬ ಮಾತೇ ಬಾಯಿಗೆ ಬರುತ್ತಿತ್ತು. ಒಳಗೆ ಯಾರೋ ತಟ್ಟೆಗಳನ್ನು ಒಂದರ ಮೇಲೊಂದು ಇಡುತ್ತಿದ್ದರು.

ಸೇಸಪ್ಪ ಅವಳ ಹಿಂದೆ ನಿಂತು ಮೆಲ್ಲಗೆ ಹೇಳಿದ: “ಬೇಗ ಹೇಳಿ ಬಾಯಮ್ಮ. ಪಾತ್ರೆ ಮುಗೀತಾ ಬಂತು.”